ಹಿಂದಿನ ಸೀಟಿನ ಅಣ್ಣ

ಕಾಂಪೆನ್
ಜನವರಿ 26, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮ,

ಲೊನ್ನೆಕ ಟೀಚರ್ ನಿನಗೆ ಕಳಿಸಿದ ಸಂದೇಶವನ್ನು ನನಗೂ ತೋರಿಸಿದರು. ಓದು ಚೆನ್ನಾಗಿ ಆಯಿತು, ಯೋರಿಸ್ ಒಂದು ಜೋಕ್ ಹೇಳಿ ಇಡೀ ತರಗತಿಯನ್ನು ನಗಿಸಿದ ಎಂದು ಬರೆದಿದ್ದಾರೆ. ಅದು ಜೋಕ್ ಆಗಿರಲಿಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನಾನು ಮುಗಿಸುವ ಮೊದಲೇ ನೀನು ನನ್ನನ್ನು ಕ್ಷಮಿಸಿಬಿಡುತ್ತೀಯ.

ನೀನು ಹೇಳಿದಂತೆಯೇ ಗುರುವಾರ ನಿನ್ನ ಬದಲು ನಾನೇ ನಿನ್ನ ಮಕ್ಕಳ ಪುಸ್ತಕ ಓದಲು ಶಾಲೆಗೆ ಹೊರಟೆ. ವರ್ಷಕ್ಕೊಮ್ಮೆ ಮಕ್ಕಳು ರಾತ್ರಿಯುಡುಪಿನಲ್ಲೇ ಶಾಲೆಗೆ ಬಂದು, ತಿಂಡಿ ತಿನ್ನುತ್ತ ಕಥೆ ಕೇಳುವ ಆ ಬೆಳಗಿಗಾಗಿ ಯೋರಿಸ್ ಎಷ್ಟು ಕಾಯುತ್ತಾನೆಂದು ನಿನಗೆ ಗೊತ್ತು. ನಾನು ಏಳುವ ಹೊತ್ತಿಗೆ ಅವನು ಪಟ್ಟೆಪಟ್ಟೆಯ ಪೈಜಾಮ ತೊಟ್ಟು, ತಾನು ಕೆಲಸ ಮಾಡುವ ಬೇಕರಿಯಿಂದ ತಂದಿಟ್ಟಿದ್ದ ಒಣದ್ರಾಕ್ಷಿ ಬನ್ನುಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ನಾನು ಜೀನ್ಸ್ ಹಾಕಿದ್ದೆ. ನಿನ್ನ ಪೈಜಾಮ ಎಲ್ಲಿ ಎಂದು ಕೇಳಿದ. ಓದುವವರು ಹಾಕಿಕೊಳ್ಳಬೇಕಿಲ್ಲ ಎಂದೆ. ಅದೂ ಸುಳ್ಳು. ನೀನು ಪ್ರತಿ ವರ್ಷ ಹಾಕಿಕೊಳ್ಳುತ್ತೀಯ.

ಇಬ್ಬರೂ ತುಳಿಯುವ ಜೋಡಿ ಸೈಕಲ್ಲಿನಲ್ಲಿ ಹೋದೆವು, ನಾನು ಮುಂದೆ, ಅವನು ಹಿಂದೆ. ನದಿಯ ಸೇತುವೆ ದೋಣಿ ಹಾದುಹೋಗಲೆಂದು ಮೇಲೆದ್ದಿತ್ತು. ಕಾಯುತ್ತಿದ್ದವರ ನಡುವೆ ಸ್ಟೈನ್ ಇದ್ದ. ನಾನು ಬಿಟ್ಟುಬಂದ ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವನು. ನಮ್ಮಿಬ್ಬರನ್ನೂ ನೋಡಿ ನಕ್ಕ.

“ಏನೇ ಫೆನ್ನಾ, ಕಾಲೇಜು ಬಿಟ್ಟು ಡ್ರೈವರ್ ಆದ್ಯಾ? ಹಿಂದಿನ ಸಾಹೇಬ್ರು ಹಾಸಿಗೆಯಿಂದ ನೇರ ಇಳಿದು ಬಂದ ಹಾಗಿದೆ.”

ಯೋರಿಸ್ ಅವನತ್ತ ಕೈ ಬೀಸಿದ. ಅವನು ಎಲ್ಲರಿಗೂ ಕೈ ಬೀಸುತ್ತಾನಲ್ಲ, ಪರಿಚಯವೇನಿರದು ಎಂದುಕೊಂಡು ನಾನು ಹೇಳಿದೆ, “ಇವರು ಕೇರ್ ಹೋಮ್‌ನವರು. ಕರ್ಕೊಂಡು ಹೋಗೋದು ನನ್ನ ಕೆಲಸ, ಅಷ್ಟೇ.”

ಅಮ್ಮ, ಯೋರಿಸ್‌ನ ಕುರಿತ ನಿನ್ನ ಪುಸ್ತಕದಲ್ಲಿ ಡೌನ್ ಸಿಂಡ್ರೋಮ್ ಎಂಬ ಪದ ಒಮ್ಮೆಯೂ ಬಾರದಂತೆ ನೀನು ಎಷ್ಟು ಎಚ್ಚರ ವಹಿಸಿದ್ದೆ. ಸೇತುವೆಯ ಬಳಿ ನಾನೂ ಆ ಪದ ಬಳಸಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಹೇಳಿದೆ. ನನಗೆ ಕೆಲಸವಿಲ್ಲದ ನಾಚಿಕೆಯಿಂದ ಹಾಗೆಂದೆ ಎಂದು ಆಮೇಲೆ ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಅದು ಸ್ವಲ್ಪ ನಿಜ. ಉಳಿದದ್ದು ಆ ಪಟ್ಟೆ ಪೈಜಾಮ, ಆ ಮುಖ, ಜನರೆಲ್ಲ ನೋಡುತ್ತಿದ್ದದ್ದು.

ಸೇತುವೆ ಇಳಿಯಿತು. ಪೆಡಲ್ ತುಳಿದೆ. ಸೈಕಲ್ಲು ಭಾರವಾಗಿತ್ತು. ಹಿಂದೆ ಅವನು ತುಳಿಯುವುದನ್ನು ನಿಲ್ಲಿಸಿದ್ದ. ಶಾಲೆಯವರೆಗೂ ಅವನನ್ನು ಎಳೆದುಕೊಂಡೇ ಹೋದೆ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಮಕ್ಕಳು ಚಾಕೊಲೇಟ್ ಕಾಳು ಉದುರಿಸಿದ ಬ್ರೆಡ್ ತಿನ್ನುತ್ತ ನೆಲದ ಮೇಲೆ ಕೂತಿದ್ದರು. ನಾನು ಓದಿದೆ. ಈಜುಕೊಳದ ಪುಟ ಬಂತು. ಬೇರೆ ಮಕ್ಕಳು ನಗುವಾಗ ತಂಗಿ ಅಣ್ಣನ ಕೈ ಹಿಡಿದು, ‘ಇವನು ನನ್ನ ಅಣ್ಣ’ ಎನ್ನುವ ಪುಟ. ಆ ಮಾತನ್ನು ನಾನು ಯಾವತ್ತೂ ಆಡಿದವಳಲ್ಲ. ಬೆಳೆಯುವ ಮಗುವಿಗೆ ಒಂದಳತೆ ದೊಡ್ಡ ಅಂಗಿ ಹೊಲಿಸಿದಂತೆ ನೀನೇ ಅದನ್ನು ನನಗಾಗಿ ಹೊಲಿದಿಟ್ಟೆ. ಅಂದು ಓದುವಾಗ ಅದು ನನ್ನ ಮೈಮೇಲೆ ಜೋತಾಡುತ್ತಿತ್ತು. ಆದರೂ ದನಿ ಚೆನ್ನಾಗಿಯೇ ಬಂತು. ಅದೇ ನನಗೆ ಹೆಚ್ಚು ಹೇಸಿಗೆ.

ಮೊಲದ ಕಿವಿಯ ಟೋಪಿ ಹಾಕಿದ್ದ ಒಬ್ಬ ಪುಟ್ಟ ಹುಡುಗಿ ಯೋರಿಸ್‌ನನ್ನು ಕೇಳಿದಳು, ಪುಸ್ತಕದ ಅಣ್ಣ ನೀನೇನಾ, ಇವಳೇನಾ ಆ ತಂಗಿ ಎಂದು.

ಯೋರಿಸ್ ಬನ್ನು ಕೆಳಗಿಟ್ಟು, ಬಾಯಿ ಒರೆಸಿಕೊಂಡು ಹೇಳಿದ, “ಅಲ್ಲ. ಇವರು ಕೇರ್ ಹೋಮ್‌ನವರು. ನನ್ನನ್ನ ಕರ್ಕೊಂಡು ಬರೋದು ಇವರ ಕೆಲಸ.”

ಲೊನ್ನೆಕ ಟೀಚರ್ ನಕ್ಕರು. ಮಕ್ಕಳು ನಕ್ಕರು. ಅವನು ನಗಲಿಲ್ಲ. ನಾನು ನಕ್ಕೆ, ಅಮ್ಮ. ಪುಟ ತಿರುವಿ ಮುಂದಕ್ಕೆ ಓದಿದೆ.

ಅಂದಿನಿಂದ ಅವನು ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಾನೆ. ಚಹಾ ಕೊಟ್ಟರೆ ಥ್ಯಾಂಕ್ಸ್ ಹೇಳುತ್ತಾನೆ, ಹೊರಗಿನವರಿಗೆ ಹೇಳುವ ಹಾಗೆ. ತಪ್ಪಾಯಿತು ಎಂದೆ. “ಪರವಾಗಿಲ್ಲ, ನಿಮ್ಮ ಕೆಲಸ ನೀವು ಮಾಡಿದ್ರಿ” ಎಂದ.

ನಿನ್ನೆ ಸಂತೆಯಲ್ಲಿ ಸ್ಟೈನ್ ಕೆಲಸ ಮಾಡುವ ಮೀನಿನ ಅಂಗಡಿಗೆ ಹೋದೆ. ಅವನಿಗಾದರೂ ನಿಜ ಹೇಳಿದರೆ ಎಲ್ಲ ಅಲ್ಲಿಂದ ನೇರವಾದೀತು ಅನ್ನಿಸಿತ್ತು. ಮೀನು ಕರಿಯುತ್ತಿದ್ದವನ ಎದುರು ನಿಂತು, ಅವತ್ತು ನನ್ನ ಹಿಂದೆ ಕೂತಿದ್ದವನು ನನ್ನ ಅಣ್ಣ ಎಂದೆ. ಅವನು ತಲೆಯೆತ್ತಲೇ ಇಲ್ಲ.

“ಗೊತ್ತು ಕಣೇ. ದಿನಾ ನಾನು ಬನ್ ತಗೊಳ್ಳೋದು ಯೋರಿಸ್ ಹತ್ರಾನೇ. ನಿಮ್ಮಮ್ಮನ ಪುಸ್ತಕ ನನ್ನ ತಮ್ಮನಿಗೆ ಬಾಯಿಪಾಠ. ನೀನ್ಯಾಕೆ ಹಾಗಂದೆ ಅಂತ ಮಾರನೇ ದಿನ ಅವನನ್ನೇ ಕೇಳ್ದೆ. ‘ಫೆನ್ನಾಗೆ ಕೆಲಸ ಸಿಕ್ಕಿದೆ, ಸುಳ್ಳಲ್ಲ’ ಅಂದ.”

ಆಮೇಲೆ ನನ್ನ ಹಿಂದಿದ್ದವರಿಗೆ ಏನು ಬೇಕೆಂದು ಕೇಳಿದ. ನಾನು ಸಾಲಿಗೆ ಅಡ್ಡವಾಗಿ ನಿಂತಿದ್ದೆ.

ಈಗ ನನಗೆ ಗೊತ್ತಾಗದೇ ಇರುವುದು ಇದೊಂದೇ. ಯೋರಿಸ್ ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡುತ್ತಿದ್ದಾನೋ, ಅಥವಾ ತಂಗಿಯ ಸುಳ್ಳು ಬಯಲಾಗದಿರಲಿ ಎಂದು ಮನೆಯೊಳಗೂ ಅದನ್ನು ಕಾಯುತ್ತಿದ್ದಾನೋ? ಸಿಟ್ಟಾದರೆ ತಡೆದುಕೊಳ್ಳಬಲ್ಲೆ.

ನೀನು ಅಲ್ಲಿ ದ್ವೀಪದಲ್ಲಿ ಕೂತು ಎರಡನೇ ಪುಸ್ತಕಕ್ಕೆ ಅದೇ ಅಣ್ಣ, ಅದೇ ತಂಗಿಯ ಚಿತ್ರ ಬರೆಯುತ್ತಿದ್ದೀಯ. ಹಿಂಬದಿಯ ರಕ್ಷಾಪುಟಕ್ಕೆ ನಮ್ಮಿಬ್ಬರ ಫೋಟೊ ಹಾಕುತ್ತಾರಂತೆ. ನನ್ನದನ್ನು ಹಾಕಬೇಡ. ಮೊಲದ ಟೋಪಿಯ ಹುಡುಗಿ ಅದನ್ನು ನೋಡಿದರೆ, ನಮ್ಮಿಬ್ಬರಲ್ಲಿ ಸುಳ್ಳು ಹೇಳಿದವನು ಯೋರಿಸ್ ಎಂದುಕೊಳ್ಳುತ್ತಾಳೆ. ಬೇಕಿದ್ದರೆ ಪುಸ್ತಕದ ತಂಗಿಗೆ ಒಂದು ಸೇತುವೆ ಬರೆದುಕೊಡು. ಅವಳು ಅಲ್ಲಿ ಏನು ಹೇಳಿದಳೆಂದು ಬರೆಯುವ ಧೈರ್ಯ ನಿನಗಿದ್ದರೆ, ಆ ಪುಟವನ್ನು ನಾನೇ ಹೋಗಿ ಮಕ್ಕಳಿಗೆ ಓದುತ್ತೇನೆ. ಪೈಜಾಮ ಹಾಕಿಕೊಂಡು.

ನಿನ್ನ ಮಗಳು,
ಫೆನ್ನಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಯೋರಿಸ್ ಒಳಗೆ ಬಂದ. ಯಾರಿಗೆ ಬರೆಯುತ್ತಿದ್ದೀರಿ ಎಂದು ಕೇಳಿದ. ಅಮ್ಮನಿಗೆ ಎಂದೆ. ಸ್ವಲ್ಪ ಯೋಚಿಸಿ, “ನಿಮ್ಮ ಅಮ್ಮನಿಗಾ, ನನ್ನ ಅಮ್ಮನಿಗಾ?” ಎಂದ. ಇಬ್ಬರಿಗೂ ಒಬ್ಬಳೇ ಎಂದೆ. ಹಾಗಾದರೆ ತಾನೂ ಸಹಿ ಹಾಕಬೇಕಲ್ಲ ಎಂದ. ಪೆನ್ನು ಕೊಟ್ಟೆ. ಹಿಡಿದು ನೋಡಿ, ಮತ್ತೆ ಮೇಜಿನ ಮೇಲಿಟ್ಟು, ನಾಳೆ ನೋಡೋಣ ಎಂದು ಹೋದ. ನನ್ನ ಹೆಸರಿನ ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ. ನಾಳೆ ಸಂಜೆ ಹೇಗಿದ್ದರೂ ಇದನ್ನು ಅಂಚೆಗೆ ಹಾಕುತ್ತೇನೆ. ಜಾಗ ಖಾಲಿಯಾಗಿಯೇ ಇದ್ದರೆ, ಅದನ್ನೂ ನೀನು ನೋಡಬೇಕು.