ಕಡ್ಡಿಗೆ ಥ್ಯಾಂಕ್ಸ್ ಹೇಳಬಾರದು

ಉಮಿಯೊ,
ಫೆಬ್ರವರಿ 9, ಭಾನುವಾರ

ಪ್ರೀತಿಯ ಸಿಗ್ನೆ,

ನಿನ್ನ ಕಾರ್ಡು ಬಂತು. ಮಾನ್‌ಸ್ಟೆರಾ ಗಿಡದ ಕಡ್ಡಿ ನೀರಿನಲ್ಲೇ ಕೊಳೆತುಹೋಯಿತು ಎಂದು ಬರೆದಿದ್ದೀಯ. ಕೊಳೆಯದೆ ಇನ್ನೇನಾಗುತ್ತದೆ? ನವೆಂಬರಿನಲ್ಲಿ ನೀನು ನನ್ನ ಮನೆಯಲ್ಲಿದ್ದ ನಿನ್ನ ಸಾಮಾನು ಒಯ್ಯಲು ಬಂದಾಗ ನಾನೇ ಕಡ್ಡಿ ಕತ್ತರಿಸಿ, ಒದ್ದೆ ಕಾಗದ ಸುತ್ತಿ ಕೊಟ್ಟೆ. ನೀನು ಥ್ಯಾಂಕ್ಸ್ ಎಂದೆ. ಸಾಲದ್ದಕ್ಕೆ ಕೈಯನ್ನೂ ಕುಲುಕಿದೆ. ಥ್ಯಾಂಕ್ಸ್ ಹೇಳಿ ಒಯ್ದ ಕಡ್ಡಿ ಬೇರು ಬಿಡುವುದಿಲ್ಲ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನನ್ನ ಸೊಸೆಯಾಗಿದ್ದಷ್ಟು ವರ್ಷ ನೀನು ಬಾಯಿ ಮುಚ್ಚಿಕೊಂಡೇ ಒಯ್ಯುತ್ತಿದ್ದೆ, ಎಲ್ಲವೂ ಚಿಗುರುತ್ತಿದ್ದವು.

ಆ ಥ್ಯಾಂಕ್ಸ್ ನನಗೆ ಚುಚ್ಚಿತು ಕಣೇ. ನೀನೂ ಹೋಕಾನನೂ ಬೇರೆಯಾಗುತ್ತೇವೆ ಎಂದಾಗಲೂ ನಾನು ಕಣ್ಣೀರು ಹಾಕಿರಲಿಲ್ಲ. ನೀನು ಥ್ಯಾಂಕ್ಸ್ ಹೇಳಿ ಹೋದ ದಿನ ಕಿಟಕಿಯ ಪಕ್ಕ ಕುಳಿತು ಕಣ್ಣೀರು ಹಾಕಿದೆ.

ಈಗ ಕಾರ್ಡಿನ ಕೊನೆಗೆ ‘ಎಲ್ಲದಕ್ಕೂ ಥ್ಯಾಂಕ್ಸ್, ಗುನ್ವೋರ್’ ಎಂದಿದ್ದೀಯ. ಅದನ್ನು ನಾವು ಶವಪೆಟ್ಟಿಗೆಯ ಮೇಲಿಡುವ ಹೂಗುಚ್ಛದ ರಿಬ್ಬನ್ನಿನ ಮೇಲೆ ಬರೆಸುವುದಲ್ಲವೇ? ನಾನಿನ್ನೂ ಗಟ್ಟಿಮುಟ್ಟಾಗಿದ್ದೇನೆ ತಾಯಿ.

ಕಾರ್ಡನ್ನು ಹೋಕಾನನಿಗೆ ತೋರಿಸಿದೆ. “ಅಮ್ಮಾ, ಬಿಟ್‌ಬಿಡು. ಅವ್ಳಿನ್ನು ನಮ್ಮೋಳಲ್ಲ” ಅಂದ. “ಬಿಟ್ಟೋನು ನೀನು ಕಣೋ, ನಾನ್ಯಾಕೆ ಬಿಡ್ಲಿ?” ಅಂದೆ. ಮೂತಿ ಊದಿಸಿಕೊಂಡು ನನ್ನ ಏಲಕ್ಕಿ ಬನ್ನುಗಳನ್ನೆಲ್ಲ ಖಾಲಿ ಮಾಡಿ ಹೋದ.

ಇವತ್ತು ಕಿಟಕಿಗೆ ಸ್ವಲ್ಪ ಬಿಸಿಲು ಬಂತು. ಕುಂಡಗಳನ್ನೆಲ್ಲ ತಿರುಗಿಸಿಟ್ಟು, ಒದ್ದೆ ಬಟ್ಟೆಯಲ್ಲಿ ಎಲೆ ಒರೆಸಿದೆ. ಹೀಟರಿನ ಶಾಖಕ್ಕೆ ಜರಿಗಿಡದ ತುದಿಗಳು ಸುಡುತ್ತಿವೆ, ಪಕ್ಕದಲ್ಲಿ ಬೋಗುಣಿಯಲ್ಲಿ ನೀರಿಟ್ಟಿದ್ದೇನೆ. ಅತ್ತೆಯ ನಾಲಿಗೆ ಎನ್ನುತ್ತೇವಲ್ಲ, ಆ ಗಿಡಕ್ಕೆ ಮಾತ್ರ ಏನೂ ಆಗಿಲ್ಲ. ತಿಂಗಳುಗಟ್ಟಲೆ ನೀರು ಮರೆತರೂ ನೆಟ್ಟಗೆ ನಿಂತಿದೆ. ನಗು, ನಗು.

ಇನ್ನೊಂದು ಕಡ್ಡಿಯನ್ನು ನಾನಾಗಿ ಕೊಡುವುದಿಲ್ಲ. ಕೊಟ್ಟರೆ ನಿನ್ನ ಬಾಯಿ ಸುಮ್ಮನಿರುವುದಿಲ್ಲ. ಕದ್ದ ಕಡ್ಡಿ ಎಲ್ಲಕ್ಕಿಂತ ಚೆನ್ನಾಗಿ ಚಿಗುರುತ್ತದೆ ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಆದ್ದರಿಂದ ಶನಿವಾರ ಕಾಫಿಗೆ ಬಾ. ನಾನು ಅಡುಗೆಮನೆಗೆ ಹೋಗಿ ಬೇಕೆಂದೇ ತಡ ಮಾಡುತ್ತೇನೆ. ಗೆಣ್ಣಿನ ಕೆಳಗೆ ಕತ್ತರಿಸು, ಗಾಳಿಬೇರೂ ಸೇರಿ ಬರಲಿ. ಚೀಲದೊಳಗೆ ತುರುಕಿಕೊಂಡು, ಏನೂ ಮಾಡದವಳಂತೆ ಕುಳಿತಿರು. ನಾನೂ ನೋಡದವಳಂತೆ ಕಾಫಿ ಬಗ್ಗಿಸುತ್ತೇನೆ.

ಬರದೇ ಇರಬೇಡ ಸಿಗ್ನೆ. ಮಗನ ಸಂಸಾರ ಹೋಯಿತು, ಸರಿ. ನೀನೂ ಹೋದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ.

ಈಗಲೂ ನಿನ್ನ ಅತ್ತೆ,
ಗುನ್ವೋರ್

ತಾ.ಕ.: ನಿನ್ನ ಮನೆಯಲ್ಲಿ ಈಗ ಇನ್ನೊಬ್ಬನಿದ್ದಾನೆ ಎಂದು ಕೇಳಿದೆ. ಕೇಳಿದ ದಿನ, ನಿನಗೆ ಬರೆಯುತ್ತಿದ್ದ ಮೊದಲ ಕಾಗದವನ್ನು ಅರ್ಧಕ್ಕೇ ಹರಿದು ಹಾಕಿದ್ದೆ. ಇದು ಎರಡನೆಯ ಸಲ ಬರೆದದ್ದು. ಶನಿವಾರ ಅವನನ್ನೂ ಕರೆದುಕೊಂಡು ಬಾ. ಅವನೂ ಒಂದು ಕಡ್ಡಿ ಕದಿಯಲಿ.