ಏನೂ ದೂರಿಲ್ಲ ಸಾರ್

ಮಾಜಿ ಸೈನಿಕರ ಆಸ್ಪತ್ರೆ, ಎರಡನೇ ಮಹಡಿ
ತಾ. ೧೪, ಬುಧವಾರ

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಕೈ ನಡುಗುತ್ತದೆ ಎಂದು ನೆಪ ಹೇಳಬಹುದಿತ್ತು, ಆದರೆ ಇದೇ ಕೈಯಲ್ಲಿ ದಿನಾ ಇಸ್ಪೀಟು ಕಲಸುತ್ತೇನೆ. ನಿನಗೆ ಬರೆಯಲು ಮುಖವಿರಲಿಲ್ಲ, ಅಷ್ಟೇ.

ಮೊಣಕಾಲು ಪರವಾಗಿಲ್ಲ. ಟೀ ಮಾತ್ರ ಹಾಗೆಯೇ ಇದೆ. "ಅಣ್ಣಾ, ಇದು ಟೀನೋ, ಲೋಟ ತೊಳೆದ ನೀರೋ?" ಎಂದು ದಿನಾ ಕೇಳುತ್ತಿದ್ದ ನಿನ್ನ ಗಂಡ. ಪಲ್ಟನ್ನಿನ ಅಡುಗೆಯವನಲ್ಲವೇ! ಇಲ್ಲಿಯೂ ಎಲ್ಲರ ಬಾಯಲ್ಲಿ ಅವನು 'ಸೌಟು' ಆಗಿಯೇ ಇದ್ದ.

ಸಿಬ್ಬಂದಿಯನ್ನು ಕರೆಯದೆ ತಾನೇ ಎದ್ದು ಬಿದ್ದನೆಂದು ಇಲಾಖೆಯವರು ನಿನಗೆ ಬರೆದಿದ್ದಾರೆ. "ಅಷ್ಟು ಹಟ ಮಾಡಿದ್ರಾ ಅಣ್ಣಾ ಅವರು?" ಎಂದು ನೀನು ಕೇಳಿದ್ದು ನನ್ನನ್ನು ಕೊರೆಯುತ್ತಿದೆ. ಇಲ್ಲ ತಂಗಿ, ಅವನು ಕರೆದಿದ್ದ. ನಮ್ಮ ಸಾಲಿನ ಮಂಚಗಳ ಬೆಲ್ ಕೆಟ್ಟು ತಿಂಗಳುಗಳಾಗಿದ್ದವು. ಯಾರಾದರೂ ಬೇಕೆಂದರೆ ಚಮಚದಿಂದ ಮಂಚದ ಕಂಬಿ ಬಡಿಯುತ್ತಿದ್ದೆವು. ಎರಡು ವಾರ್ಡಿಗೆ ಒಬ್ಬಳೇ ನರ್ಸ್. ಆ ಮಧ್ಯಾಹ್ನ ಪಾಪ, ಪಕ್ಕದ ವಾರ್ಡಿನಲ್ಲಿದ್ದಳು. ನಮ್ಮ ಸೌಟು ಕಂಬಿ ಬಡಿದೂ ಬಡಿದೂ ಸಾಕಾಗಿ, ತಡೆಯಲಾರದೆ ಶೌಚಾಲಯಕ್ಕೆಂದು ಎದ್ದ. ನನ್ನ ಕಾಲು ಕಟ್ಟಿನಲ್ಲಿತ್ತು. ಕೂಗಿಕೊಂಡೆ, ಹಿಡಿಯಲಾಗಲಿಲ್ಲ. ತಲೆ ನೆಲಕ್ಕೆ ಬಡಿಯಿತು. ಸಂಜೆಯೊಳಗೆ ಹೋಗಿಬಿಟ್ಟ.

ಅದರ ಹಿಂದಿನ ವಾರವಷ್ಟೇ ಇಲಾಖೆಯಿಂದ ತಪಾಸಣೆಗೆ ಅಧಿಕಾರಿಯೊಬ್ಬರು ಬಂದಿದ್ದರು. ಹೊಸ ಹೊದಿಕೆ, ಕಿಟಕಿಗೆ ಹೂಕುಂಡ. ಮೇಲೆ ಥಳಕು, ಒಳಗೆ ಹುಳುಕು. "ಏನಾದ್ರೂ ದೂರಿದೆಯಾ?" ಎಂದು ಕೇಳಿದರು. ಹೊರಗಿನವರ ಮುಂದೆ ಗೊಣಗಬಾರದು ಎಂಬುದು ನಮ್ಮ ಪಲ್ಟನ್ನಿನ ಮರ್ಯಾದೆ. ವಾರ್ಡಿನಲ್ಲಿ ಹುದ್ದೆಯಿಂದ ಹಿರಿಯ ನಾನು. ಮಲಗಿದ್ದಲ್ಲೇ ಎದೆ ಸೆಟೆಸಿ "ಏನೂ ದೂರಿಲ್ಲ ಸಾರ್" ಎಂದೆ. ಹಿರಿಯನೇ ದೂರಿಲ್ಲವೆಂದ ಮೇಲೆ ಕಿರಿಯರು ಬಾಯಿ ಬಿಡುವುದುಂಟೇ? ಬೆಲ್ ಒತ್ತಿ ನೋಡುವುದು ಆ ಅಧಿಕಾರಿಯ ಕೆಲಸವಾಗಿತ್ತು, ನೋಡಲಿಲ್ಲ. ಅದನ್ನು ರಿಪೇರಿ ಮಾಡಿಸುವುದು ಇಲಾಖೆಯ ಕೆಲಸವಾಗಿತ್ತು, ಮಾಡಿಸಲಿಲ್ಲ. ಅವರಿಗೆ ಅನುಕೂಲ ಮಾಡಿಕೊಟ್ಟವನು ನಾನು.

ನಿನ್ನೆ ಅವನ ಸಾವಿನ ವಿಚಾರಣೆಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಬೆಲ್ಲಿನ ವಿಷಯ ಹೇಳಿದೆ. ಆಮೇಲೆ ಆಸ್ಪತ್ರೆಯ ಮೇಲ್ವಿಚಾರಕ ಬಂದು, "ಯಾಕೆ ಯಜಮಾನ್ರೇ, ಇನ್ನೂ ಇಲ್ಲೇ ಇರ್ಬೇಕಲ್ವಾ ನೀವು?" ಎಂದ. "ಇರ್ತೀನಪ್ಪಾ, ಮೊದಲು ಬೆಲ್ ಸರಿ ಮಾಡ್ಸು" ಎಂದೆ.

ನೀನೂ ಇಲಾಖೆಗೆ ಬರೆ. ಸತ್ತವನ ತಲೆಗೆ ತಪ್ಪು ಕಟ್ಟಲು ಬಿಡಬೇಡ. ನನ್ನನ್ನು ಸಾಕ್ಷಿಯಾಗಿ ಹಾಕು.

ಮಗಳಿಗೆ ನನ್ನ ಆಶೀರ್ವಾದ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿರು.

ನಿನ್ನ ಅಣ್ಣ

ಇನ್ನೊಂದು ಮಾತು. ಆ ಅಧಿಕಾರಿ ಮೊದಲು ಕೇಳಿದ್ದು ನನ್ನನ್ನಲ್ಲ, ನಿನ್ನ ಗಂಡನನ್ನು. "ಸಾರ್, ಈ ಬೆಲ್ಲು..." ಎಂದು ಅವನು ಶುರುಮಾಡಿಯೇ ಬಿಟ್ಟಿದ್ದ. ನಾನು ಕೆಮ್ಮಿದೆ. ತಿರುಗಿ ನೋಡಿದ. ಬೇಡ ಎಂದು ಕಣ್ಣಲ್ಲೇ ಹೇಳಿದೆ. "ಬೆಲ್ಲು ಚೆನ್ನಾಗಿದೆ ಸಾರ್" ಎಂದುಬಿಟ್ಟ. ಅಧಿಕಾರಿ ಬರೆದುಕೊಂಡದ್ದು ಅವನ ಆ ಮಾತನ್ನೇ. ಇದನ್ನು ವಿಚಾರಣೆಯವಳಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳಬೇಕಿತ್ತು.