ಕುಲಪತಿ ಕುರ್ಚಿಗೆ ಒಂದು ಮುಳುಗು

ಜೂನ್ 9, ಸೋಮವಾರ

ಹಾಸ್ಟೆಲ್ ಮೋಟಾರ್ ಮತ್ತೆ ಸುಟ್ಟಿದೆ. ಹುಡುಗಿಯರು ಬಕೆಟ್ ಹಿಡಿದು ನನ್ನ ಆಫೀಸಿನ ಮುಂದೆ. ಟ್ಯಾಂಕರ್ ತರಿಸಿದೆ. ಅಡ್ಮಿಷನ್ ಗಲಾಟೆ ಬೇರೆ.

ಮಧ್ಯಾಹ್ನ ಭಾನುಪ್ರಕಾಶ್ ಸರ್ ಬಂದರು — ಬ್ಯಾಪ್ಟಿಸ್ಟ್ ಸಂಘದ ಕಾರ್ಯದರ್ಶಿ. ಯೂನಿವರ್ಸಿಟಿ ಕಟ್ಟಿದ್ದು ಸಂಘವೇ. ಜಾಗ ಅವರದು, ಆಡಳಿತ ಮಂಡಳಿಯಲ್ಲಿ ಅರ್ಧ ಜನ ಅವರವರು. ವರ್ಷದಿಂದ ಇನ್‌ಚಾರ್ಜ್ ಆಗಿರುವ ನನ್ನನ್ನೇ ಕಾಯಂ ಕುಲಪತಿ ಮಾಡಲು ಮಂಡಳಿ ಒಪ್ಪಿದೆಯಂತೆ.

"ಒಂದೇ ಒಂದು ತೊಡಕು ರೂಪಶ್ರೀ ಮೇಡಂ. ಕುಲಪತಿ ಆಗೋರಿಗೆ ನಮ್ಮ ಯಾವ್ದಾದ್ರೂ ಚರ್ಚ್ ಸಭೇಲಿ ದೀಕ್ಷಾಸ್ನಾನ ಆಗಿರ್ಬೇಕು. ರೂಲ್ ಇದೆ."

"ನಾನು ಲಿಂಗಾಯತಳು ಸರ್."

"ಗೊತ್ತಲ್ಲ. ಒಂದ್ ಭಾನುವಾರ. ಒಂದೇ ಮುಳುಗು. ಆಮೇಲೆ ಮನೇಲಿ ನೀವೇನ್ ಪೂಜೆ ಮಾಡ್ತೀರ ಅಂತ ಯಾರ್ ಬಂದು ನೋಡ್ತಾರೆ?"

ನಗುತ್ತಲೇ ಹೇಳಿದರು. ಕೆಟ್ಟ ಮನುಷ್ಯ ಅಲ್ಲ. ಕೆಲಸ ಆದರೆ ಸಾಕು ಅನ್ನುವವರು.

ಜೂನ್ 11

ನಾನು ಒಲ್ಲೆ ಅಂದರೆ ಬೆಂಗಳೂರಿಂದ ಒಬ್ಬರು ಬರುತ್ತಾರೆ. ಅವರ ಪ್ಲಾನ್ ಏನೆಂದು ಎಲ್ಲರಿಗೂ ಗೊತ್ತು — ಸಂಜೆಯ ಕನ್ನಡ ಮಾಧ್ಯಮದ ಬಿ.ಕಾಂ. ಮುಚ್ಚಿ, ಆ ಕಟ್ಟಡ ಎಂ.ಬಿ.ಎ.ಗೆ. ಗುಬ್ಬಿ, ಹಾಗಲವಾಡಿ ಕಡೆಯ ಹುಡುಗಿಯರು ಹಗಲೆಲ್ಲ ಬಟ್ಟೆ ಅಂಗಡಿಗಳಲ್ಲಿ ನಿಂತು ಬಂದು ಓದುವ ಕೋರ್ಸ್ ಅದು. ಜಗಳವಾಡಿ ಶುರು ಮಾಡಿಸಿದವಳು ನಾನು.

ನನಗೆ ಎಂಟನೇ ವಯಸ್ಸಿಗೆ ಲಿಂಗದೀಕ್ಷೆ ಆಯಿತು. ಆಗಲೂ ಯಾರೂ ನನ್ನನ್ನು ಕೇಳಿರಲಿಲ್ಲ. ಹಾಗಿರುವಾಗ ಇದೊಂದು ಮುಳುಗು ಯಾಕೆ ದೊಡ್ಡದು?

ದೊಡ್ಡದೇ. ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಗುತ್ತಿದೆ...

ಜೂನ್ 14, ಶನಿವಾರ

ಗುಬ್ಬಿಗೆ ಹೋಗಿದ್ದೆ. ಅಲ್ಲಿನ ಸಭೆಯ ಪಾಸ್ಟರ್ ಅಂಜಿನಪ್ಪ ನಮ್ಮ ಕ್ಯಾಂಪಸ್ ಪ್ರಾರ್ಥನೆಗೂ ಬರುತ್ತಾರೆ, ಪರಿಚಯ ಇದೆ. ನನಗೆ ದೀಕ್ಷಾಸ್ನಾನ ಕೊಡಿ ಎಂದು ನೇರವಾಗಿ ಕೇಳಿದೆ. ಸ್ಕೂಟರ್ ಪ್ಲಗ್ ಒರೆಸುತ್ತಿದ್ದವರು ಕೈ ತೊಳೆದು ಬಂದು ಕೂತರು.

"ನಂಬ್ತೀರಾ ಮೇಡಂ?"

"ಗೌರವ ಇದೆ."

"ಗೌರವಕ್ಕೆ ನೀರು ಬೇಡ. ನಾನು ಕೊಡಲ್ಲ."

ಸಿಟ್ಟು ಬಂತು. ಸಂಜೆ ಕ್ಲಾಸಿನ ಕಥೆ ಹೇಳಿದೆ. ಪೂರ್ತಿ ಕೇಳಿದರು.

"ನಮ್ಮಲ್ಲಿ ಹುಟ್ಟಿದ ಮಗೂಗೂ ನಾವು ಕೊಡಲ್ಲ. ಅದು ಬೆಳೆದು, ತಾನಾಗೇ ಬಂದು ಕೇಳ್ಬೇಕು. ನನ್ನ ಮಗಳಿಗೆ ಇಪ್ಪತ್ತಾರು. ಇನ್ನೂ ಕೇಳಿಲ್ಲ. ಪಾಸ್ಟರ್ ಮಗಳೇ ಹಿಂಗೆ ಅಂತ ಆಡ್ಕೋತಾರೆ. ನೋವಾಗುತ್ತೆ... ಆದ್ರೂ ನಾನು ಬಾಯ್ಬಿಟ್ಟು ಹೇಳಿಲ್ಲ."

ಹೊರಡುವಾಗ ಕೇಳಿಯೇಬಿಟ್ಟೆ — ನೀವ್ಯಾಕೆ ಹೆಸರು ಬದಲಾಯಿಸಲಿಲ್ಲ?

"ಹೆಸರು ಅಪ್ಪ ಇಟ್ಟಿದ್ದು. ಮುಳುಗಿದ್ದು ನಾನು."

ದಾರಿಯುದ್ದಕ್ಕೂ ಬೈದುಕೊಂಡೆ. ಏನೂ ಬೇಡದವರಿಗೆ ತತ್ವ ಸುಲಭ.

ಜೂನ್ 17

ಭಾನುಪ್ರಕಾಶ್ ಫೋನ್. "ಗುಬ್ಬಿ ಒಂದೇನಾ ಇರೋದು? ಕುಣಿಗಲ್‌ನೋರು ಒಪ್ಪಿದಾರೆ. ಈ ಭಾನುವಾರ."

ಸರಿ ಅಂದೆ.

ಜೂನ್ 21

ಅಮ್ಮನಿಗೆ ಹೇಳಿದೆ. ಎದ್ದು ಪೂಜೆಗೆ ಕೂತಳು. ಅವಳ ಪೂಜೆ ಇವತ್ತು ಮುಗಿಯಲೇ ಇಲ್ಲ.

ಜೂನ್ 22, ಭಾನುವಾರ

ಕುಣಿಗಲ್ ಹೊರಗೆ, ಸಭೆಯವರೊಬ್ಬರ ತೋಟ. ಸಿಮೆಂಟ್ ತೊಟ್ಟಿ ತುಂಬಿಸಿದ್ದರು. ಹೆಂಗಸರು ಪಂಪ್‌ಹೌಸಿನಲ್ಲಿ ಬಿಳಿ ಸೀರೆ ಉಟ್ಟುಕೊಂಡೆವು. ಕರಡಿಗೆ ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದೆ. ಪಕ್ಕದಲ್ಲಿ ಹುಲಿಯೂರುದುರ್ಗದ ಹೊಂಬಾಳಮ್ಮ ಎಂಬ ಹೆಂಗಸು. ಅರವತ್ತರ ಮೇಲೆ. ಚಳಿಗಿಂತ ಖುಷಿಗೇ ನಡುಗುತ್ತಿದ್ದಳು.

"ಅಣ್ತಮ್ದೀರು ಹೊಸ್ಲು ತುಳೀಬ್ಯಾಡ ಅಂದವ್ರೆ ಕಣವ್ವ. ಅಂದ್ರೆ ಅನ್ಕಳ್ಳಿ ಬುಡು. ಈ ದಿನಕ್ಕೆ ಎಷ್ಟೊರ್ಸ ಕಾದಿವ್ನಿ! ನಿಮ್ಗೂ ಮನೇಲಿ ಬೈದ್ರಾ?"

"ಇಲ್ಲ."

"ಮತ್ಯಾಕೆ ಮಕ ಹಂಗೈತೆ?"

ಅಷ್ಟರಲ್ಲಿ ಅವಳನ್ನು ಕರೆದರು. ಸೊಂಟದ ಮಟ್ಟದ ನೀರಿನಲ್ಲಿ ನಿಂತ ಕುಣಿಗಲ್ ಪಾಸ್ಟರ್ ಎಲ್ಲರಿಗೂ ಕೇಳುವಂತೆ ಕೇಳಿದರು — "ಯಾರ ಬಲವಂತವೂ ಇಲ್ಲದೆ, ನಂಬಿ ಬಂದಿದೀಯಾ?"

"ಹೂಂ ಸ್ವಾಮಿ!" ಕೂಗಿದ ರಭಸಕ್ಕೆ ಜನ ನಕ್ಕರು. ಮುಳುಗಿ ಎದ್ದಳು. ಕೆಮ್ಮು, ನಗು, ಅಳು, ಎಲ್ಲ ಒಟ್ಟಿಗೆ.

ಮುಂದಿನವಳು ನಾನು. ಅದೇ ಪ್ರಶ್ನೆ ನನಗೂ. ಅದೇ "ಹೂಂ" ನಾನೂ ಹೇಳಬೇಕು, ಅವಳು ಅಲ್ಲೇ ತಲೆ ಒರೆಸಿಕೊಳ್ಳುತ್ತ ನಿಂತಿರುವಾಗ.

"ನನ್ನಿಂದ ಆಗಲ್ಲ," ಅಂದೆ. ಮೆಟ್ಟಿಲ ಮೇಲಿಂದಲೇ. ಪಾಸ್ಟರ್ ತಲೆದೂಗಿದರು, ಬೇಸರ ಮಾಡಿಕೊಳ್ಳಲಿಲ್ಲ. ಭಾನುಪ್ರಕಾಶ್ ಕಾರಿನವರೆಗೂ ಬಂದರು. "ನಾಕ್ ಜನರ ಮುಂದೆ ಹಿಂಗ್ ಮಾಡೋದಾ ಮೇಡಂ? ನನ್ ಮಾತಿಗೇನ್ ಬೆಲೆ ಉಳೀತು?"

ಮರಳೂರಿನ ಮನೆ. ಬಾಗಿಲು ತೆಗೆದ ಅಮ್ಮ ಮೊದಲು ನೋಡಿದ್ದು ನನ್ನ ತಲೆ.

"ಕೂದ್ಲು ಒಣಗೇ ಐತಲ್ಲೇ."

"ಹೂಂ."

"ಕೈ ತೊಳ್ಕೊ. ಮುದ್ದೆ ಬಿಸಿ ಐತೆ."

ಜುಲೈ 19, ಶನಿವಾರ

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ.

ಸಂಘದ ವಾರ್ಷಿಕ ಸಭೆ, ನಮ್ಮ ಆಡಿಟೋರಿಯಂನಲ್ಲಿ. ವರದಿ ಓದಿ ಹಿಂದೆ ಕೂತೆ. ಅಂಜಿನಪ್ಪ ಎದ್ದು, ಆ ರೂಲ್ ತೆಗೆಯಬೇಕು ಅಂದರು. "ಬಲವಂತದ ನಂಬಿಕೆ ನಂಬಿಕೆಯೇ ಅಲ್ಲ ಅಂತ ನಮ್ಮ ಹಿಂದಿನೋರು ಜೈಲಿಗೆ ಹೋದ್ರು. ನಾವು ಅದೇ ನೀರನ್ನ ಪ್ರಮೋಷನ್‌ಗೆ ಇಟ್ಟಿದೀವಿ."

ಭಾನುಪ್ರಕಾಶ್ ಉತ್ತರಿಸಿದರು. "ರೂಲ್ ತೆಗೀರಿ. ಹತ್ತು ವರ್ಷಕ್ಕೆ ಗೇಟಿನ ಮೇಲೆ ನಮ್ಮ ಹೆಸರಷ್ಟೇ ಉಳಿಯುತ್ತೆ. ನಮ್ಮೋರು ಮನೆಗೊಂದು ಮುಷ್ಟಿ ಅಕ್ಕಿ ಎತ್ತಿ ಕಟ್ಟಿದ್ದು ಇದು."

ಅದೂ ಸುಳ್ಳಲ್ಲ. ನನಗೇ ಹಾಗನ್ನಿಸಿತು.

ಪ್ರತಿ ಊರಿನ ಚರ್ಚ್ ಸಭೆಗೂ ಒಂದೊಂದು ಮತ. ಎರಡೇ ಮತದ ಅಂತರದಲ್ಲಿ ಅಂಜಿನಪ್ಪ ಸೋತರು. ಕೂರಲಿಲ್ಲ. "ಹಂಗಾದ್ರೆ ಸಂಜೆ ಬಿ.ಕಾಂ. ಮುಚ್ಚಬಾರ್ದು. ಕಟ್ಟಡ ಇಲ್ಲ ಅಂದ್ರೆ ಗುಬ್ಬೀಲಿ ನಮ್ಮ ಸಭೆ ಹಾಲ್ ಕೊಡ್ತೀವಿ."

ಕೈಗಳು ಎದ್ದವು. ಭಾನುಪ್ರಕಾಶ್ ಕೈಯೂ.

ಆಗಸ್ಟ್ 4

ಹೊಸ ಕುಲಪತಿ ಚಾರ್ಜ್ ತೆಗೆದುಕೊಂಡರು. ಕೀ ಕೊಟ್ಟೆ. ಮ್ಯಾಥ್ಸ್ ಡಿಪಾರ್ಟ್‌ಮೆಂಟಿನಲ್ಲಿ ನನ್ನ ಹಳೆಯ ಮೇಜಿನ ಮೇಲೆ ಯಾರೋ ಪ್ರಿಂಟರ್ ಇಟ್ಟಿದ್ದಾರೆ. ಅತ್ತುಬಿಟ್ಟೆ. ಬಾತ್‌ರೂಮಿನಲ್ಲಿ, ಸ್ವಲ್ಪ.

ಆಗಸ್ಟ್ 18, ಸೋಮವಾರ

ಕಟ್ಟಡ ಎಂ.ಬಿ.ಎ.ಗೆ ಹೋಯಿತು. ಗುಬ್ಬಿ ಸಭೆಯ ಹಾಲಿನಲ್ಲಿ ಮೊದಲ ಸಂಜೆ ಕ್ಲಾಸ್. ಬೆಂಚುಗಳನ್ನು ತಿರುಗಿಸಿ ಹಾಕಿದೆವು. ಹುಡುಗಿಯರು ಚಪ್ಪಲಿ ಹೊರಗೆ ಬಿಟ್ಟು, ಶಿಲುಬೆ ನೋಡುತ್ತ, ಗೋಡೆಗೊತ್ತಿ ನಿಂತರು. ಹಾಗಲವಾಡಿಯ ಮಾನಸಾ ಮೆಲ್ಲಗೆ ಕೇಳಿದಳು — "ಮೇಡಂ, ಇಲ್ಲಿ ಕ್ಲಾಸಿಗೆ ಬಂದ್ರೆ ನಾವೂ ಪ್ರಾರ್ಥನೆ ಮಾಡ್ಬೇಕಾ?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿದ್ದ ಅಂಜಿನಪ್ಪ — "ಇಲ್ಲಮ್ಮ. ಸೆಕೆಯಾದ್ರೆ ಫ್ಯಾನ್ ಸ್ವಿಚ್ ಅಲ್ಲಿದೆ."

ಹುಡುಗಿಯರು ಕೂತರು. ಫ್ಯಾನ್ ಸದ್ದಿಗೆ ನನ್ನ ದನಿ ಕೇಳುತ್ತಿಲ್ಲವೆಂದು ಹಿಂದಿನವರು ಮುಂದಕ್ಕೆ ಬಂದರು. ನಾನು ಚಾಕ್ ತೆಗೆದುಕೊಂಡು ಮೊದಲ ಲೆಕ್ಕ ಬರೆದೆ.